ಜಾಜಿಕಾಯಿಯ ಮೂರು ಸುತ್ತು

ಹಾನಗಲ್ಲಿನ ನಮ್ಮ ಹಿಟ್ಟಿನ ಗಿರಣಿಗೆ ಜೋಳ ತಂದವರು ಹಿಟ್ಟಿನ ಜೊತೆಗೆ ನನ್ನದೊಂದು ಸಲಹೆಯನ್ನೂ ಒಯ್ಯುತ್ತಿದ್ದರು. ಕೇಳಿದವರಿಗೂ ಕೊಡುತ್ತಿದ್ದೆ, ಕೇಳದವರಿಗೂ ಕೊಡುತ್ತಿದ್ದೆ. ಮಗಳನ್ನು ಯಾವ ಕಾಲೇಜಿಗೆ ಹಾಕಬೇಕು, ಸೊಸೆಯನ್ನು ಯಾವ ಡಾಕ್ಟರಿಗೆ ತೋರಿಸಬೇಕು, ಕೆಮ್ಮಿಗೆ ಯಾವ ಕಷಾಯ. ಯಜಮಾನರು ತೀರಿಕೊಂಡ ಮೇಲೆ ಗಿರಣಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು ನಾನು. ಓದಿದ್ದು ಪಿಯುಸಿ, ದಿನಾ ಪೇಪರ್ ಓದುವ ಚಟ, ಬಾಯಿ ಸ್ವಲ್ಪ ಜೋರು. ಬೆಲ್ಟಿನ ಸದ್ದಿನಲ್ಲೇ ಅಷ್ಟು ವರ್ಷ ಮಾತಾಡಿದವಳ ಬಾಯಿ ಮೆತ್ತಗೆ ಇರುವುದಾದರೂ ಹೇಗೆ? ನನಗೆ ಎದುರಾಡುವವರು ಕಡಿಮೆ. ಯಾರಾದರೂ ಎದುರಾಡಿದರೆ, ಗಿರಣಿ ಸದ್ದಿನಲ್ಲಿ ಕೇಳಿಸಲಿಲ್ಲ ಎಂದುಬಿಡುತ್ತಿದ್ದೆ.

ಹೀಗೆ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಒಂದು ಸಲ "ಬ್ಯಾಡ" ಅಂದೆ. ಆ ಒಂದು ಮಾತಿನಿಂದ ನನ್ನ ಮೊಮ್ಮಗಳ ಬಾಳಿನ ಎಂಟು ತಿಂಗಳು ಹಾಳಾದವು. ಮಾತು ಕಲಿಯುವ ಎಂಟು ತಿಂಗಳು. ಅವಳಿಗೀಗ ನಾಲ್ಕೂವರೆ ವರ್ಷ. ಅವಳ ವಯಸ್ಸಿನ ಹುಡುಗಿಯರು ಮನೆಯವರ ತಲೆ ತಿನ್ನುವಷ್ಟು ಮಾತಾಡುತ್ತಾರೆ. ನಮ್ಮವಳು ಎರಡು ಶಬ್ದ ಜೋಡಿಸಿ ಒಂದು ಮಾತು ಆಡಿದರೆ ಮನೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡುತ್ತೇವೆ.

ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದೆ. ಅಳಿಯ ಅಲ್ಲಿ ಹೈಸ್ಕೂಲ್ ಮಾಸ್ತರರು. ಮೊದಲ ಹೆರಿಗೆ ಎಂದು ಮಗಳು ನನ್ನಲ್ಲಿಗೆ ಬಂದಳು, ಹಾವೇರಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮೂರನೆಯ ದಿನಕ್ಕೇ ಕೂಸಿಗೆ ಕಾಮಣಿ ಏರಿತು. ಹಳದಿ ಎಂದರೆ ಅರಿಶಿನ ಹಚ್ಚಿದಷ್ಟು ಹಳದಿ. ನೀಲಿ ಬೆಳಕಿನ ಪೆಟ್ಟಿಗೆಯಲ್ಲಿ ಆರು ದಿನ ಇಟ್ಟರು. ಮನೆಗೆ ಕಳಿಸುವ ಮುಂಚೆ ಕಿವಿಗೆ ಒಂದು ಸಣ್ಣ ಮಷೀನು ಹಿಡಿದು ನೋಡಿದರು. ಎರಡೂ ಕಿವಿ ಪಾಸಾಗಲಿಲ್ಲ. ಕಾಮಣಿ ಬಹಳ ಏರಿದರೆ ಕೆಲವು ಕೂಸುಗಳ ಕಿವಿಯ ನರಕ್ಕೆ ಪೆಟ್ಟಾಗುತ್ತದೆ, ಮೂರು ತಿಂಗಳಾಗುವುದರೊಳಗೆ ಹುಬ್ಬಳ್ಳಿಗೆ ಹೋಗಿ ದೊಡ್ಡ ಪರೀಕ್ಷೆ ಮಾಡಿಸಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಎಳೆಗೂಸಿನ ಕಿವಿಗೂ ಪರೀಕ್ಷೆಯೇ ಎಂದು ನಾನು ನಕ್ಕಿದ್ದು ನೆನಪಿದೆ.

ಮನೆಗೆ ಬಂದ ಕೂಸು ಅತ್ತಿತು, ಅತ್ತಿತು, ಹಗಲು ರಾತ್ರಿ ಅತ್ತಿತು. ಮಗಳು ನಿದ್ದೆಗೆಟ್ಟು ಕಡ್ಡಿಯಾದಳು. ಆಗ ನಾನು ಸಾಣೆಕಲ್ಲು ತೆಗೆದೆ.

ಆ ಕಲ್ಲು ನನ್ನ ಅವ್ವನದು. ತವರೂರು ಹತ್ತಿಮತ್ತೂರಿನಿಂದ ನನ್ನ ಜೊತೆ ಬಂದದ್ದು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಆ ಕಲ್ಲಿನ ಮೇಲೆ ತಾಯಿಯ ಹಾಲು ಹಾಕಿ ಜಾಜಿಕಾಯಿ, ಬಜೆ ತೇಯ್ದು ನೆಕ್ಕಿಸುತ್ತಾರೆ. ಹೊಟ್ಟೆಗೂ ಒಳ್ಳೆಯದು, ಕೂಸು ಗಾಢವಾಗಿ ಮಲಗುತ್ತದೆ ಎಂಬ ನಂಬಿಕೆ. ಅಳತೆ ಎಂದರೆ ಸುತ್ತು. ಕಾಯಿಯನ್ನು ಕಲ್ಲಿನ ಮೇಲೆ ಒಂದು ಸಲ ಗುಂಡಗೆ ತಿರುವಿದರೆ ಒಂದು ಸುತ್ತು. ಹೊಸ ಕೂಸಿಗೆ ಒಂದು, ಸ್ವಲ್ಪ ಬೆಳೆದದ್ದಕ್ಕೆ ಎರಡು. ಎಷ್ಟು ಒತ್ತಿ ತೇಯಬೇಕು, ಕಾಯಿ ಹೊಸದೋ ಹಳೆಯದೋ, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಗೋಧಿಯ ಮೂಟೆ ಎತ್ತಿ ಎತ್ತಿ ಗಟ್ಟಿಯಾದ ನನ್ನ ಕೈಯ ಒಂದು ಸುತ್ತು ಇನ್ನೊಬ್ಬರ ಎರಡಕ್ಕೆ ಸಮ ಇದ್ದೀತು ಎಂದು ನನಗೂ ಹೊಳೆದಿರಲಿಲ್ಲ. ಓಣಿಯವರೆಲ್ಲ ನನ್ನ ಕೈಗುಣ ಹೊಗಳುತ್ತಿದ್ದರು. ಆರು ತಿಂಗಳತನಕ ಎದೆಹಾಲು ಬಿಟ್ಟು ಏನನ್ನೂ ಕೊಡಬೇಡಿರೆಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳಿದಾಗ, ಕಲ್ಲಿನ ಮೇಲೆ ಸೆರಗು ಎಳೆದುಕೊಂಡು ಕುಳಿತು "ಹೌದ್ರಿ, ಹೌದ್ರಿ" ಅಂದಿದ್ದೆ.

ಮೊದಲು ಮಗಳಿಗೆ ತೋರಿಸಿಯೇ ತೇಯುತ್ತಿದ್ದೆ. ಆಶಾ ಬಂದು ಹೋದ ಮೇಲೆ ಅವಳಿಗೆ ಹೆದರಿಕೆ ಹತ್ತಿತು.

"ಅವ್ವಾ, ಇನ್ನ ಬ್ಯಾಡಬೇ, ಸಾಕು," ಅಂದಳು.

"ಆತು ಬಿಡು," ಅಂದೆ. ಅಂದು, ಅವಳು ಜಳಕಕ್ಕೆ ಹೋದಾಗ ತೇಯ್ದು ಕೊಟ್ಟೆ. ನಿನ್ನನ್ನು ಸಾಕಿದವಳು ನಾನೋ ಆಶಾನೋ ಎಂಬ ಸೊಕ್ಕು, ಮತ್ತೇನಲ್ಲ.

ಕೂಸು ಮಲಗತೊಡಗಿತು. ಅದೆಂಥ ನಿದ್ದೆ! ನಮ್ಮ ಮನೆಯ ಮುಂಭಾಗವೇ ಗಿರಣಿ, ಹಿಂದಿನ ಕೋಣೆಯಲ್ಲಿ ತೊಟ್ಟಿಲು. ಕುಕ್ಕರ್ ಕೂಗಿದರೂ ಕೂಸಿನ ರೆಪ್ಪೆ ಅಲುಗುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಗಿರಾಕಿಗಳ ಜೊತೆ ಕೂಗಾಡಿದರೂ ಎಚ್ಚರವಿಲ್ಲ. "ನೋಡ್ರಿ, ನಮ್ಮ ಕೂಸು ಗಿರಣ್ಯಾಗ ಹುಟ್ಟಿದ್ದು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಜಾಜಿಕಾಯಿಗೂ ನನ್ನ ಕೈಗೂ ಅದರ ಕೀರ್ತಿ ಹೋಗುತ್ತಿತ್ತು. ಇನ್ನು ಕಿವಿಯ ವಿಚಾರ? ಅದಕ್ಕೂ ನನ್ನ ಬಳಿ ಪುರಾವೆ ಇತ್ತು. ಮೋಟಾರು ಚಾಲು ಮಾಡಿದೊಡನೆ ಎಚ್ಚರವಿದ್ದ ಕೂಸು ಕಣ್ಣರಳಿಸುತ್ತಿತ್ತು, ಕೈಕಾಲು ಆಡಿಸುತ್ತಿತ್ತು. ಕೇಳಿಸದಿದ್ದರೆ ಹೀಗೆ ಮಾಡುತ್ತದೆಯೇ? ಮೋಟಾರು ಚಾಲು ಆದರೆ ನಮ್ಮ ಮನೆಯ ನೆಲವೇ ನಡುಗುತ್ತದೆ, ತೊಟ್ಟಿಲ ಸರಪಳಿಯೂ ನಡುಗುತ್ತದೆ ಎಂಬುದು ಆ ಮನೆಯಲ್ಲೇ ಹಣ್ಣಾದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ. ಸದ್ದಿಗೆ ಏಳದಿದ್ದರೆ ಜಾಜಿಕಾಯಿ, ಸದ್ದಿಗೆ ಎದ್ದರೆ ಕಿವಿ ಚುರುಕು. ಎರಡು ಕಡೆಯಿಂದಲೂ ನನ್ನದೇ ಸರಿ ಆಗುತ್ತಿತ್ತು.

ಹುಬ್ಬಳ್ಳಿಗೆ ಹೋಗುವ ದಿನ ಬಂದಾಗ ಕೂಸಿಗೆ ಎರಡು ತಿಂಗಳು ದಾಟಿತ್ತು. ತಲೆಗೆ ವೈರುಗಳನ್ನು ಅಂಟಿಸಿ ನೋಡುವ ಪರೀಕ್ಷೆ, ಕೂಸು ಅಲ್ಲಾಡದೆ ಮಲಗಿರಬೇಕು. "ಮುಂಜಾನೆ ಮಲಗಿಸಬ್ಯಾಡ್ರಿ. ನಿದ್ದಿಗೆಟ್ಟ ಕೂಸನ್ನ ಕರ್ಕೊಂಡು ಬರ್ರಿ, ಇಲ್ಲಿ ಹಾಲು ಕುಡಿಸಿದ್ರ ತಾನ ಮಲಗತೈತಿ," ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಆದರೆ ಬಸ್ಸಿನಲ್ಲಿ ಎರಡು ತಾಸಿಗಿಂತ ಹೆಚ್ಚು ಕೂತು ಹೋಗಬೇಕು. ನಿದ್ದೆಗೆಟ್ಟ ಕೂಸು ಅಷ್ಟೂ ಹೊತ್ತು ಚೀರಿದರೆ ಬಸ್ಸಿನ ಮಂದಿ ಏನಂದಾರು? ಅಜ್ಜಿಗೆ ಒಂದು ಕೂಸು ಸುಧಾರಿಸಲು ಬರುವುದಿಲ್ಲ ಅಂದಾರು. ಮಗಳು ಸೀರೆ ಉಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕಲ್ಲು ಇಳಿಸಿ ತೇಯ್ದೆ. ದಿನಾ ಎರಡು ಸುತ್ತು, ಅವತ್ತು ಮೂರು.

ಕೂಸು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲೇ ಮಲಗಿತು. ಶಿಗ್ಗಾಂವದಲ್ಲಿ ಬಸ್ಸು ನಿಂತಾಗ ಸೇಂಗಾ ಮಾರುವವರು ಕಿಟಕಿಗೆ ಬಂದು ಕೂಗಿದರು, ಆಗಲೂ ಮಲಗಿತ್ತು. ಮಗಳು ಗಾಬರಿಯಾಗಿ ಅಂಗಾಲು ತಿಕ್ಕಿದಳು, ಒದ್ದೆ ಬಟ್ಟೆಯಿಂದ ಮುಖ, ಬಾಯಿ ಒರೆಸಿದಳು. "ಯಾಕವ್ವಾ ಏಳವಲ್ದು?" ಅಂದಳು. "ಬಸ್ಸಿನ ತೂಗಾಟಕ್ಕ ಹಂಗ," ಅಂದೆ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕೂಸು ಕಣ್ಣು ಬಿಟ್ಟಿತು. ಆಮೇಲೆ ಹಾಲು ಕುಡಿಸಿದರೂ, ತಟ್ಟಿದರೂ, ಎತ್ತಿಕೊಂಡು ತಿರುಗಾಡಿದರೂ ಮಲಗಲಿಲ್ಲ. ಮಧ್ಯಾಹ್ನ ಆಯಿತು. ಮೂರು ಸಲ ವೈರು ಅಂಟಿಸಿದರು, ಮೂರು ಸಲವೂ ಕಿತ್ತುಕೊಂಡಿತು. ಕೊನೆಗೆ ಡಾಕ್ಟರು ಬಂದರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಿದ್ದೆಯ ಔಷಧ ಬಾಯಿಗೆ ಹಾಕಿ ಮಲಗಿಸಿ ನೋಡೋಣ ಅಂದರು. ಒಪ್ಪಿಗೆಯ ಕಾಗದವನ್ನು ಮಗಳ ಕೈಗೆ ಕೊಟ್ಟರು. ಜೊತೆಗಿದ್ದ ನರ್ಸು ಪೆನ್ನು ಹಿಡಿದು ಕೇಳಿದಳು: "ಮನ್ಯಾಗ ಕೂಸಿಗೆ ಏನರ ತೇದು ನೆಕ್ಕಿಸೀರೇನ್ರಿ? ಸರಿಯಾಗಿ ಹೇಳ್ರಿ, ಔಷಧ ಕೊಡೋಕಿಂತ ಮೊದಲ ನಮಗ ಗೊತ್ತಿರಬೇಕು."

"ಏನೂ ಇಲ್ರಿ. ಬರೇ ಎದಿಹಾಲು," ಅಂದೆ ನಾನು.

ನರ್ಸು ಬರೆದುಕೊಂಡಳು. ಬರೆದದ್ದನ್ನು ನೋಡಿದ ಮೇಲೆ ನನಗೆ ಹೊಳೆಯಿತು. ಹೊಟ್ಟೆಯಲ್ಲಿ ನನ್ನ ಮೂರು ಸುತ್ತು ಇದೆ, ಅದರ ಮೇಲೆ ಇವರ ಔಷಧ ಬಿದ್ದು ಕೂಸು ಏಳದೇ ಹೋದರೆ? ನಿಜ ಹೇಳಲು ಇನ್ನೂ ಹೊತ್ತಿತ್ತು. ಕಾಗದ ಮಗಳ ಕೈಯಲ್ಲೇ ಇತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಬ್ಯಾಡ. ಎಳಿ ಕೂಸಿಗೆ ನಿದ್ದಿ ಔಷಧ ಕೊಟ್ರ ಮೆದುಳು ಬೆಳ್ಯಾಂಗಿಲ್ಲ ಅಂತ ನಾ ಪೇಪರಿನ್ಯಾಗ ಓದೇನ್ರಿ."

ಓದಿದ್ದು ಸುಳ್ಳಲ್ಲ. ಎಂದೋ ಒಂದು ಮೂಲೆಯಲ್ಲಿ ಹಾಗೇನೋ ಓದಿದ್ದೆ. ಆದರೆ ಆ ಕ್ಷಣದ ತನಕ ಅದು ನನ್ನ ತಲೆಯಲ್ಲೇ ಇರಲಿಲ್ಲ. ದಿನಾ ನನ್ನ ಕೈಯಾರೆ ಅಳತೆಯಿಲ್ಲದ ನಿದ್ದೆ ನೆಕ್ಕಿಸುವಾಗ ಒಂದು ದಿನವೂ ಮೆದುಳಿನ ನೆನಪಾಗಿರಲಿಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. ಸ್ಟೂಲು ಎಳೆದುಕೊಂಡು ನನ್ನೆದುರು ಕುಳಿತರು. "ನೀವು ಕೇಳೋದು ತಪ್ಪಲ್ರಿ ಅವ್ವಾರ. ದಿನಗಟ್ಟಲೆ ಕೊಡೋ ಔಷಧ, ತಾಸುಗಟ್ಟಲೆ ಮ್ಯಾಲಿಂದ ಮ್ಯಾಲೆ ಕೊಡೋ ಅರಿವಳಿಕೆ ಅಂದ್ರ ನಾವೂ ವಿಚಾರ ಮಾಡ್ತೇವಿ. ಬೇಕ ಬೇಕು ಅಂದಾಗಷ್ಟ ಕೊಡ್ತೇವಿ. ಇದು ಒಂದ ಸಲ, ಕೂಸಿನ ತೂಕ ನೋಡಿ ಅಳತಿ ಮಾಡಿ ಕೊಡೋದು. ಅದು ಏಳೋತನಾ ಉಸಿರು ನೋಡ್ಕೋತ ನಾವಿಲ್ಲೇ ಇರ್ತೇವಿ. ಕಿವಿ ಕೇಳಿಸ್ತೈತೋ ಇಲ್ಲೋ ಗೊತ್ತಾಗದ ತಿಂಗಳು ಹ್ವಾದ್ರ ಅದು ಮೆದುಳಿಗೆ ನಷ್ಟ್ರಿ. ಸದ್ದು ಕೇಳಿಸ್ಕೊಂಡ ಕೂಸಿನ ಮೆದುಳು ಮಾತು ಕಲೀತೈತಿ."

ಇಷ್ಟು ತಿಳಿಯಾಗಿ ಹೇಳಿದ ಮಾತು ನನಗೆ ಅರ್ಥವಾಯಿತು. ಅರ್ಥವಾಗಲಿಲ್ಲ ಎನ್ನಲು ನನಗೆ ನೆಪವೇ ಇಲ್ಲ. ಮಗಳು ನನ್ನ ಮುಖ ನೋಡುತ್ತಿದ್ದಳು. "ಕೊಡಸೋಣಲ್ಲವ್ವಾ," ಅಂದಳು, ಮೆಲ್ಲಗೆ. ನಾನು ಅವಳ ಕೈಯಿಂದ ಕಾಗದ ತೆಗೆದುಕೊಂಡು ಮಡಿಚಿ ನನ್ನ ಚೀಲದಲ್ಲಿ ಹಾಕಿಕೊಂಡೆ. "ಮುಂದಿನ ವಾರ ಬರ್ತೇವ್ರಿ, ನಿದ್ದಿಗೆಡಿಸಿ ಕರ್ಕೊಂಡು ಬರ್ತೇವಿ," ಅಂದೆ.

ಮುಂದಿನ ವಾರ ಹೋಗಲಿಲ್ಲ. ಹೋದರೆ ನರ್ಸು ಮತ್ತೆ ಅದನ್ನೇ ಕೇಳುತ್ತಾಳೆ. ಮೊದಲು ಮಳೆ ಎಂದೆ, ಆಮೇಲೆ ಬೆಲ್ಟು ಹರಿದಿದೆ ಎಂದೆ. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ಎರಡು ಸಲವೂ ನಾನೇ ಎತ್ತಿ, ಕೂಸು ಗಿರಣಿ ಸದ್ದಿಗೆ ಕಣ್ಣು ಬಿಡುತ್ತದೆ, ಕಿವಿ ಚೆನ್ನಾಗಿದೆ ಎಂದು ಹೇಳಿದೆ. ಮಗಳು ಅಳಿಯನಿಗೆ ಹೇಳಿದಳು. ಅಳಿಯ ನನ್ನನ್ನು ಕೇಳಿದರು. ಅತ್ತೆಯವರು ಇಷ್ಟು ಗಟ್ಟಿಯಾಗಿ ಹೇಳುತ್ತಾರೆಂದರೆ ಇರಬಹುದು ಎಂದು ಅವರೂ ಸುಮ್ಮನಾದರು. ನಾನು ಗಟ್ಟಿಯಾಗಿ ಹೇಳುವುದರಲ್ಲಿ ಮೊದಲಿನಿಂದಲೂ ಮುಂದು.

ಒಂಬತ್ತನೆಯ ತಿಂಗಳಲ್ಲಿ ಮಗಳು ಕೂಸನ್ನು ಕರೆದುಕೊಂಡು ಹಿರೇಕೆರೂರಿಗೆ ಹೋದಳು. ಜಾಜಿಕಾಯಿಯನ್ನೂ ಒಂದು ಸಣ್ಣ ಕಲ್ಲನ್ನೂ ಕಟ್ಟಿಕೊಡಲು ಹೋದೆ, ಅವಳು ಮುಟ್ಟಲಿಲ್ಲ. ಹೋಗಿ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಗಿರಣಿ ಬಂದ್ ಮಾಡಿ ಕೇಳಿದೆ.

"ಅವ್ವಾ, ಉಳ್ಳಾಗಡ್ಡಿ ಮಾರೋ ಗಾಡಿ ಬಂದು ಕಿಡಕಿ ಮುಂದ ನಿಂತು ಮೈಕಿನ್ಯಾಗ ಒದರಿತು. ಬಾಜೂ ಮನಿ ಕೂಸು ಬೆಚ್ಚಿಬಿದ್ದು ಅಳಾಕತ್ತೈತಿ. ನಮ್ಮದು ಮಲಗೇ ಐತಿ."

"ಅದಕ್ಕ ಒಳ್ಳೆ ನಿದ್ದಿ, ಗೊತ್ತಿಲ್ಲೇನು," ಅಂದೆ.

"ನಾನು ಇಲ್ಲಿ ಜಾಜಿಕಾಯಿ ಮುಟ್ಟಿಲ್ಲವ್ವಾ. ಹದಿನೈದು ದಿನ ಆತು."

ಮೂಟೆಯ ಮೇಲೆ ಕುಳಿತುಬಿಟ್ಟೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ನೆರಳು ಬಿದ್ದರೆ ತಿರುಗುತ್ತದೆ, ಗಿಲಕಿ ಆಡಿಸಿದರೆ ನೋಡುವುದಿಲ್ಲ, ಕೈಗೆ ಕೊಟ್ಟರೆ ಬಾಯಿಗೆ ಹಾಕುತ್ತದೆ, ಎಂದು ಅವಳು ಒಂದೊಂದಾಗಿ ಹೇಳುತ್ತ ಹೋದಳು. ಅಷ್ಟಾದರೂ ನಾನು "ಶಾಂತ ಸ್ವಭಾವದ ಕೂಸು, ಇನ್ನ ಒಂದು ತಿಂಗಳು ನೋಡು" ಅಂದೆ. ಅವಳು ನೋಡಿದಳು. ಆ ಒಂದು ತಿಂಗಳೂ ನನ್ನ ತಲೆಯ ಮೇಲೆಯೇ.

ಹುಬ್ಬಳ್ಳಿಗೆ ಎರಡನೆಯ ಸಲ ಹೋದಾಗ ಕೂಸಿಗೆ ಹತ್ತು ತಿಂಗಳು. ಅದೇ ಡಾಕ್ಟರು, ಅದೇ ಕೋಣೆ. ಹಳೆಯ ಫೈಲು ತೆರೆದು ನೋಡಿದರು. "ಹಿಂದಿನ ಸಲ ಮನ್ಯಾಗ ಏನೂ ಕೊಟ್ಟಿಲ್ಲ ಅಂತ ಬರದೈತಿ. ಈಗೂ ಏನೂ ಇಲ್ಲಲ್ರಿ?" ಅಂದರು. "ಇಲ್ರಿ," ಅಂದಳು ಮಗಳು. ಈ ಸಲ ಅದು ನಿಜವಾಗಿತ್ತು. ಹಿಂದಿನ ಸುಳ್ಳು ಫೈಲಿನಲ್ಲಿ ಹಾಗೆಯೇ ಉಳಿಯಿತು. ಮಗಳು ಸಹಿ ಮಾಡಿದಳು. ಕಾಲಿನ ಹೆಬ್ಬೆರಳಿಗೆ ಒಂದು ಕ್ಲಿಪ್ಪು ಹಾಕಿ, ಸಿರಿಂಜಿನಲ್ಲಿ ಅಳೆದು, ಔಷಧವನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟರು. ಕೂಸು ಮಲಗಿತು. ನರ್ಸು ಪರೀಕ್ಷೆ ಮುಗಿಯುವ ತನಕ ಅದರ ಎದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ನೆಕ್ಕಿಸಿ ಗಿರಣಿಗೆ ಹೋಗಿಬಿಡುತ್ತಿದ್ದೆನಲ್ಲ, ಒಂದು ದಿನವಾದರೂ ಹೀಗೆ ಕುಳಿತು ನೋಡಿದ್ದೆನೇ? ಆಮೇಲೆ ಕೂಸು ಎದ್ದು, ನರ್ಸಿನ ಕೊರಳಿನ ಕಾರ್ಡು ಹಿಡಿದುಕೊಂಡು ನಕ್ಕಿತು. ನಾನು ಹೆದರಿದ್ದೂ ಹೆದರಿಸಿದ್ದೂ ಈ ಔಷಧಕ್ಕೇ.

ಎರಡೂ ಕಿವಿ ಕೇಳಿಸುವುದಿಲ್ಲ ಎಂದು ಬಂತು.

ಮಗಳು ಹೊರಗೆ ಹೋದ ಮೇಲೆ ನಾನು ಡಾಕ್ಟರನ್ನು ಕೇಳಿದೆ: "ನಾ ಅವತ್ತು ಬ್ಯಾಡ ಅನ್ನದಿದ್ರ ಕಿವಿ ಉಳೀತಿದ್ವೇನ್ರಿ?"

"ಇಲ್ರಿ. ಕಿವಿ ಹುಟ್ಟಿದ ವಾರದಾಗ ಹೋಗ್ಯಾವು," ಅಂದರು. ನನಗೆ ಒಂದು ಉಸಿರು ಬಂತು. ಆ ಉಸಿರಿಗೆ ಇಂದಿಗೂ ನಾಚುತ್ತೇನೆ. ಅವರು ಮಾತು ಮುಗಿಸಿರಲಿಲ್ಲ. "ಆದ್ರ ಅವತ್ತ ಗೊತ್ತಾಗಿದ್ರ ಅವಾಗಿಂದನ ಮಷೀನ್ ಹಾಕಿ ಕಲಿಸಾಕ ಚಾಲೂ ಮಾಡ್ತಿದ್ವಿ. ಎಂಟು ತಿಂಗಳು ಈ ಕೂಸಿಗೆ ಒಂದು ಮಾತೂ ಮುಟ್ಟಿಲ್ಲ. ಮುಂದ ಭಾಳ ದುಡೀಬೇಕಾಕ್ಕತಿ." ಜಾಜಿಕಾಯಿಯ ಬಗ್ಗೆ ಕೇಳಬೇಕೆಂದುಕೊಂಡೆ. ಅದು ಏನು ಮಾಡಿತು, ಏನು ಮಾಡಲಿಲ್ಲ ಎಂದು. ಕೇಳಿದರೆ ಹೇಳಿದಂತೆಯೇ ಆಗುತ್ತದೆ. ಕೇಳಲಿಲ್ಲ. ಅದು ನನಗೆ ಇಂದಿಗೂ ಗೊತ್ತಿಲ್ಲ.

ಮೊದಲು ಕಿವಿಯ ಮಷೀನು ಹಾಕಿದರು, ಸಾಲಲಿಲ್ಲ. ಒಂದೂವರೆ ವರ್ಷಕ್ಕೆ ತಲೆಯೊಳಗೆ ಯಂತ್ರ ಕೂರಿಸುವ ಆಪರೇಶನ್ ಆಯಿತು. ಪೂರ್ತಿ ಅರಿವಳಿಕೆ, ತಾಸುಗಟ್ಟಲೆ. ಒಂದು ಸಣ್ಣ ಅಳತೆಯ ಔಷಧಕ್ಕೆ ಬೇಡ ಎಂದಿದ್ದವಳು ಆಪರೇಶನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅವತ್ತಿನಿಂದ ಗಿರಣಿಯಲ್ಲಿ ಸಲಹೆ ಕೊಡುವುದನ್ನೂ ಬಿಟ್ಟೆ. ವಯಸ್ಸಾಯಿತು, ಮೆತ್ತಗಾದಳು ಎಂದು ಓಣಿಯವರು ತಿಳಿದರು.

ಕಳೆದ ತಿಂಗಳು ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಮುಂಜಾನೆ ಹತ್ತರ ಹೊತ್ತು. ಮಗಳು ಬಾಗಿಲ ಹತ್ತಿರ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಹುಡುಗಿ ಕಿವಿಯ ಹಿಂದಿನ ಯಂತ್ರವನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳುತ್ತ, ನೆಲದ ಮೇಲೆ ಬಿದ್ದ ಹಿಟ್ಟಿನಲ್ಲಿ ಗೆರೆ ಎಳೆಯುತ್ತಿದ್ದಳು. ಓಣಿಯ ಒಬ್ಬ ಹೆಂಗಸು ಜೋಳದ ಡಬ್ಬಿ ಇಳಿಸಿ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದಳು.

"ಅಕ್ಕಾರ, ಮಗಳ ಬಾಣಂತನ ನಡದೈತ್ರಿ. ಕೂಸು ಭಾಳ ಅಳತೈತಿ. ನಿಮ್ಮ ಸಾಣಿಕಲ್ಲು ಎರಡು ದಿನ ಕೊಡ್ರಿ. ಇಲ್ಲಾ ನೀವ ಬಂದು ಎರಡು ಸುತ್ತು ತೇದು ನೆಕ್ಕಿಸ್ರಿ. ನಿಮ್ಮ ಕೈಗುಣ ಛಲೋ ಐತಿ."

ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದಿತ್ತು. ಕಲ್ಲು ಒಡೆದುಹೋಗಿದೆ ಎನ್ನಬಹುದಿತ್ತು. ಮಗಳ ಕೈ ಮೊರದಲ್ಲಿ ನಿಂತದ್ದು ಕಾಣಿಸಿತು. ನಾನು ಹೋಗಿ ಮೋಟಾರು ಬಂದ್ ಮಾಡಿದೆ.

"ಕಲ್ಲು ಕೊಡಾಂಗಿಲ್ಲವ್ವಾ," ಅಂದೆ. "ಕೂಸು ಯಾಕ ಅಳತೈತಿ ಅಂತ ಮೊದಲ ಡಾಕ್ಟರಿಗೆ ತೋರಸ್ರಿ. ತೇದು ಕೊಡಬ್ಯಾಡ್ರಿ. ಕೊಟ್ಟಿದ್ರ ಮುಚ್ಚಿಡಬ್ಯಾಡ್ರಿ. ನಾ ಮುಚ್ಚಿಟ್ಟೆ. ಹುಬ್ಬಳ್ಳಿಗೆ ಈಕಿ ಕಿವಿ ನೋಡಿಸಾಕ ಹ್ವಾದ ದಿನ ಮೂರು ಸುತ್ತು ನೆಕ್ಕಿಸಿದ್ದೆ. ಅದಕ್ಕ ಬಸ್ಸಿನ್ಯಾಗ ಮಲಗಿತು, ಅಲ್ಲಿ ಮಲಗಲಿಲ್ಲ. ನರ್ಸ್ ಕೇಳಿದಾಗ ಸುಳ್ಳು ಹೇಳಿದೆ. ಸುಳ್ಳು ಹೊರಗ ಬರಬಾರದು ಅಂತ ಔಷಧ ಬ್ಯಾಡ ಅಂದೆ. ಮೆದುಳು, ಪೇಪರು, ಅದೆಲ್ಲ ನೆವ."

ಆ ಹೆಂಗಸು ಡಬ್ಬಿಯನ್ನು ಅಲ್ಲೇ ಬಿಟ್ಟು, ಆಮೇಲೆ ಬರುತ್ತೇನೆಂದು ಹೋದಳು. ನಾನು ಹೇಳಿದ್ದು ಅವಳಿಗಲ್ಲ, ಮಗಳಿಗೆ. ಬೈಗಳಿಗೆ ಕಾಯುತ್ತ ಮಗಳ ಕಡೆ ತಿರುಗಿದೆ. ಬೈಯಲಿ, ಚೀರಲಿ, ಇನ್ನು ಈ ಮನೆಗೆ ಬರುವುದಿಲ್ಲ ಎನ್ನಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಅವಳು ಮೊರದೊಳಗಿನ ಒಂದು ಹರಳನ್ನು ಆರಿಸಿ ಹೊರಗೆ ಹಾಕಿದಳು.

"ನಂಗ ಗೊತ್ತಿತ್ತವ್ವಾ," ಅಂದಳು. "ಶಿಗ್ಗಾಂವದಾಗ ಅದರ ಬಾಯಿ ಒರಸಿದ್ನಲ್ಲ, ಅವಾಗ ಜಾಜಿಕಾಯಿ ವಾಸನಿ ಬಂತು. ನರ್ಸ್ ಕೇಳಿದಾಗ ನೀ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ. ನೀ ಹೇಳಲಿಲ್ಲ. ಎಲ್ಲಾರ ಮುಂದ ಅವ್ವನ ಮಾನ ಹೋಗತೈತಿ ಅಂತ ನಾನೂ ಸುಮ್ಮನ ಕುಂತೆ. ತಾಯಿ ನಾನು. ನಾ ಹೇಳಬೇಕಾಗಿತ್ತು. ನಾಕು ವರ್ಷ ಆತು, ದಿನಾ ಈಕಿಗೆ ಒಂದೊಂದ ಶಬ್ದ ಕಲಿಸೋವಾಗ ನನಗ ಅದ ನೆನಪು. ನೀ ಒಂದು ಮಾತು ಆಡಿದ್ರ ನನ್ನ ಭಾರ ಅರ್ಧರ ಇಳೀತಿತ್ತಲ್ಲವ್ವಾ."

ಇಷ್ಟು ವರ್ಷ ತಪ್ಪು ನನ್ನೊಬ್ಬಳದೇ, ನೋವೂ ನನ್ನೊಬ್ಬಳದೇ ಎಂದು ಅದರಲ್ಲೂ ಸೊಕ್ಕು ಮಾಡಿಕೊಂಡು ಕುಳಿತಿದ್ದೆ. ಮೊಮ್ಮಗಳು ಹಿಟ್ಟಿನ ಕೈಯಿಂದಲೇ ನನ್ನ ಸೀರೆ ಹಿಡಿದು ಮೋಟಾರಿನ ಕಡೆ ಬೆರಳು ಮಾಡಿದಳು. ಸದ್ದು ನಿಂತದ್ದು ಅವಳಿಗೆ ತಿಳಿದಿತ್ತು. "ಆಯೀ, ಚಾ...ಲು," ಅಂದಳು.

ನಾನು ಚಾಲು ಮಾಡಲಿಲ್ಲ. ಮಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಕೇಳಿಸಲಿಲ್ಲ ಎನ್ನಲು ಅವತ್ತು ಗಿರಣಿಯ ಸದ್ದು ಇರಲಿಲ್ಲ.